ಚಲನಚಿತ್ರಗಳ ಕಳ್ಳಪ್ರತಿ

ಒಂದು ಶನಿವಾರ ಶಾಲೆ ಬಿಡುವ ಹೊತ್ತಿಗೆ, ದೊಡ್ಡಬಳ್ಳಾಪುರಕ್ಕೆ ಹೋಗಿ ಹೊಸ ಕನ್ನಡ ಚಿತ್ರವೊಂದನ್ನು ನೋಡಿ ಬರಬೇಕೆಂದು ನಾನು ಸಹೋದ್ಯೋಗಿಯೊಬ್ಬರೊಡನೆ ಮಾತನಾಡುತ್ತಿದ್ದೆ. ಜಗುಲಿಯ ಮೇಲೆ ನಿಂತಿದ್ದ ಹತ್ತನೆಯ ತರಗತಿಯ ಹುಡುಗನೊಬ್ಬ ಹತ್ತಿರ ಬಂದು, "ಸಾರ್, ಬಸ್ಸಿಗೆ ಕೊಟ್ಟು ಟಿಕೆಟ್ಟಿಗೆ ಕೊಟ್ಟು ಯಾಕೆ ಹೋಗ್ತೀರಿ? ನಮ್ಮಣ್ಣನ ಫೋನಾಗೆ ಐತೆ. ಕಳಿಸ್ಲಾ?" ಎಂದ. ಅವನ ಮುಖದಲ್ಲಿ ಕಳ್ಳತನದ ಕಳೆ ಲವಲೇಶವೂ ಇರಲಿಲ್ಲ. ಮೇಷ್ಟರಿಗೆ ಒಂದು ಉಪಕಾರ ಮಾಡುವೆನೆಂಬ ಸಂತೋಷವಿತ್ತು. "ಬೇಡಪ್ಪ" ಎಂದೆನೇ ಹೊರತು, ಏಕೆ ಬೇಡವೆಂದು ವಿವರಿಸಿ ಹೇಳಲು ನನಗೆ ತಟ್ಟನೆ ತೋಚಲಿಲ್ಲ. ಹೇಳುವ ಧೈರ್ಯವೂ ಆಗಲಿಲ್ಲ. ಏಕೆಂದರೆ ಅದಕ್ಕೆ ಕೆಲವು ತಿಂಗಳ ಹಿಂದೆ ಅಂತಹುದೇ ಒಂದು ಪ್ರತಿ ನನ್ನ ಫೋನಿಗೂ ಬಂದಿತ್ತು. ನಾನೂ ಅದನ್ನು ಅರ್ಧದವರೆಗೆ ನೋಡಿದ್ದೆ. ಅಂದು ಹುಡುಗನಿಗೆ ಹೇಳಲಾಗದೆ ಹೋದ ಉತ್ತರವನ್ನು ಈಗ ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಮಾತಿನ ಅರ್ಥವನ್ನು ನೋಡೋಣ. ಪತ್ರಿಕೆಗಳು ಇದನ್ನು 'ಪೈರಸಿ' ಎನ್ನುತ್ತವೆ. ಪೈರಸಿಯೆಂದರೆ ಮೂಲಾರ್ಥದಲ್ಲಿ ಕಡಲುಗಳ್ಳತನ, ಹಡಗನ್ನು ಅಡ್ಡಗಟ್ಟಿ ಸರಕನ್ನು ದೋಚುವುದು. ಆದರೆ ಚಿತ್ರದ ವಿಷಯದಲ್ಲಿ ಈ ಉಪಮೆ ಪೂರ್ತಿಯಾಗಿ ಕೂಡಿಬರುವುದಿಲ್ಲ. ಹಡಗನ್ನು ದೋಚಿದರೆ ಸರಕು ಒಡೆಯನ ಕೈ ಬಿಟ್ಟು ಹೋಗುತ್ತದೆ. ಚಿತ್ರದ ಪ್ರತಿ ತೆಗೆದರೆ ಮೂಲಚಿತ್ರ ಇದ್ದಲ್ಲೇ ಇರುತ್ತದೆ. 'ಇದ್ದದ್ದು ಇದ್ದಲ್ಲೇ ಇರುವಾಗ ಕಳವಾದುದೇನು?' ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ.

ಪ್ರತಿ ಮಾಡುವುದೇ ಪಾಪವೆಂದು ನಮ್ಮ ಪೂರ್ವಿಕರು ಎಂದೂ ಹೇಳಲಿಲ್ಲ. ನಮ್ಮ ರಾಜಘಟ್ಟದ ಬಯಲಿನಲ್ಲಿ ಈ ಶತಮಾನದ ಆದಿಯಲ್ಲಿ ಪುರಾತತ್ತ್ವಜ್ಞರು ಅಗೆದಾಗ ಒಂದು ಬೌದ್ಧ ಚೈತ್ಯ, ವಿಹಾರಗಳ ಅವಶೇಷಗಳೊಂದಿಗೆ ಮಣ್ಣಿನ ಪುಟ್ಟ ಪುಟ್ಟ ಹರಕೆಯ ಸ್ತೂಪಗಳೂ ಮುದ್ರೆಯೊತ್ತಿದ ಬಿಲ್ಲೆಗಳೂ ರಾಶಿಯಾಗಿ ದೊರೆತವು. ಒಂದೇ ಧರ್ಮವಾಕ್ಯವನ್ನು ಮತ್ತೆ ಮತ್ತೆ ಒತ್ತಿ ಅರ್ಪಿಸುವುದು ಆ ಭಕ್ತರಿಗೆ ಪುಣ್ಯಕಾರ್ಯವಾಗಿತ್ತು. ಕನ್ನಡ ಸಾಹಿತ್ಯದಲ್ಲಿಯೂ ಇದಕ್ಕಿಂತ ಹೆಸರಾದ ನಿದರ್ಶನವಿದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ದಾನ ಮಾಡಿದಳೆಂಬುದನ್ನು ನಾವು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹಾಗಾದರೆ ಆ ಹುಡುಗನ ಅಣ್ಣನೂ ಒಬ್ಬ ಅತ್ತಿಮಬ್ಬೆಯೇ ಏನು?

ಅಲ್ಲ. ವ್ಯತ್ಯಾಸವನ್ನು ಗಮನಿಸಬೇಕು. ಆ ಕಾವ್ಯವನ್ನು ಬರೆಯಿಸಿ ಕವಿಗೆ ಆಶ್ರಯ ಕೊಟ್ಟವರು ಮಲ್ಲಪ, ಪುನ್ನಮಯ್ಯ ಎಂಬ ಸೋದರರು. ಮಲ್ಲಪನ ಮಗಳೇ ಅತ್ತಿಮಬ್ಬೆ. ಕವಿಗೆ ಸಲ್ಲಬೇಕಾದುದು ಆ ಮನೆತನದಿಂದಲೇ ಸಂದಿತ್ತು. ಪ್ರತಿಯ ವೆಚ್ಚ ಆಕೆಯ ಕೈಯದು. ಹೆಸರು ಮಾತ್ರ ಪೊನ್ನನದಾಗಿಯೇ ಉಳಿಯಿತು. ಕೊಡುವವಳು ತನ್ನದನ್ನು ಕೊಟ್ಟಳು. ಆದುದರಿಂದ ಅದು ದಾನವಾಯಿತು. ಪರರ ಗಂಟನ್ನು ಬಿಚ್ಚಿ ಹಂಚುವುದಕ್ಕೆ ದಾನವೆಂದು ಹೆಸರಿಲ್ಲ. ಪರರ ಮಾತನ್ನೂ ಅರ್ಥವನ್ನೂ ಕದಿಯುವ ಕವಿಗಳ ವಿಚಾರವನ್ನು ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣಗಳೆಂದು ವಿಂಗಡಿಸಿ ಚರ್ಚಿಸಿದ್ದಾನೆ. ಕೃತಿಗೂ ಒಡೆಯನುಂಟೆಂಬ ಭಾವನೆ ನಮಗೆ ಹೊರಗಿನಿಂದ ಬಂದುದಲ್ಲ.

ಇಂದು ಆ ಒಡೆತನವನ್ನು ಕಾಯುವುದು ೧೯೫೭ರ ಕೃತಿಸ್ವಾಮ್ಯ ಕಾಯಿದೆ. ಚಿತ್ರದ ಪ್ರತಿ ಮಾಡುವ, ಮಾರುವ, ಬಾಡಿಗೆಗೆ ಕೊಡುವ, ಜನರಿಗೆ ತಲಪಿಸುವ ಹಕ್ಕು ಅದರ ಒಡೆಯನಿಗೆ ಮಾತ್ರ ಉಂಟು. ಈ ಹಕ್ಕು ಅನಂತಕಾಲದ್ದಲ್ಲ. ಚಿತ್ರ ಪ್ರಕಟವಾದ ಮುಂದಿನ ವರ್ಷದ ಆದಿಯಿಂದ ೬೦ ವರ್ಷ. ಆ ಬಳಿಕ ಅದು ಎಲ್ಲರ ಸೊತ್ತು. ಪಾಠ ಹೇಳುವ ಸಂದರ್ಭಕ್ಕೆ, ವಿಮರ್ಶೆಗೆ, ಸ್ವಂತ ಅಭ್ಯಾಸಕ್ಕೆ ಮಿತವಾಗಿ ಬಳಸಿಕೊಳ್ಳಲು ಕಾಯಿದೆಯೇ ಎಡೆಗೊಟ್ಟಿದೆ. ಎಂದರೆ ಕಾಯಿದೆ ಜ್ಞಾನದ ಬಾಗಿಲಿಗೆ ಬೀಗ ಹಾಕಿಲ್ಲ. ಕೃತಿಕಾರನ ಕೂಲಿಗೆ ಒಂದು ಅವಧಿಯನ್ನು ಗೊತ್ತುಮಾಡಿದೆ.

ರೇಡಿಯೊ ಕೇಳುವ ಮನೆಗಳವರಿಗೆ ಒಂದು ಸಂದೇಹ ಬರಬಹುದು. 'ಚಿತ್ರಗೀತೆಗಳನ್ನು ನಾವು ದಿನವೂ ಕಾಸು ಕೊಡದೆ ಕೇಳುತ್ತೇವಲ್ಲ, ಅದೂ ತಪ್ಪೇ?' ತಪ್ಪಲ್ಲ. ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಲೈಸೆನ್ಸಿನ ಹಣ ಕಟ್ಟುತ್ತಿದ್ದ ಕಾಲ ಹಿರಿಯರ ನೆನಪಿನಲ್ಲಿರಬಹುದು. ಆ ಪದ್ಧತಿ ನಿಂತು ದಶಕಗಳಾದುವು. ಆದರೂ ಹಾಡನ್ನು ಪ್ರಸಾರ ಮಾಡುವ ನಿಲಯವು ಹಕ್ಕುದಾರರಿಗೆ ಗೌರವಧನ ಸಲ್ಲಿಸಬೇಕೆಂಬುದು ನಿಯಮ. ಗೀತರಚನಕಾರರಿಗೂ ಸಂಗೀತ ನಿರ್ದೇಶಕರಿಗೂ ಆ ಗೌರವಧನದಲ್ಲಿ ಸಮಪಾಲು ಸಲ್ಲಬೇಕೆಂದು ೨೦೧೨ರ ತಿದ್ದುಪಡಿ ವಿಧಿಸಿತು. ಕೇಳುವವನಿಗೆ ಉಚಿತವಾದ ಮಾತ್ರಕ್ಕೆ ಮಾಡಿದವನಿಗೆ ಸಂದಾಯವಾಗಿಲ್ಲವೆಂದು ಅರ್ಥವಲ್ಲ. ಕಳ್ಳಪ್ರತಿಯಲ್ಲಿಯಾದರೋ ನೋಡುವವನಿಗೂ ಉಚಿತ, ಮಾಡಿದವನಿಗೂ ಸೊನ್ನೆ. ಉಚಿತಕ್ಕೂ ಕಳವಿಗೂ ಇರುವ ಭೇದವೆಲ್ಲ ಇಷ್ಟರಲ್ಲಿಯೇ ಇದೆ.

ಇನ್ನು ಈ ಪ್ರತಿ ಹುಟ್ಟುವ ಬಗೆಯನ್ನು ನೋಡೋಣ. ಹಿಂದೆ ಚಿತ್ರದ ರೀಲುಗಳು ತಗಡಿನ ಡಬ್ಬಗಳಲ್ಲಿ ಊರಿಂದೂರಿಗೆ ಹೋಗುತ್ತಿದ್ದುವು. ಕದ್ದರೂ ಅದನ್ನು ಓಡಿಸಲು ಯಂತ್ರ ಬೇಕು, ಮಂದಿರ ಬೇಕು. ವಿಡಿಯೊ ಕ್ಯಾಸೆಟ್ಟು ಬಂದ ಮೇಲೆ ಈ ಕಷ್ಟ ಕಡಮೆಯಾಯಿತು. ೧೯೮೪ರಲ್ಲಿಯೇ ವಿಡಿಯೊ ಕಳ್ಳತನಕ್ಕಾಗಿ ಕಾಯಿದೆಯನ್ನು ಬಿಗಿಗೊಳಿಸಬೇಕಾಯಿತು. ಆಮೇಲೆ ಬಿಲ್ಲೆಗಳು ಬಂದುವು, ಸಂತೆಯಲ್ಲಿ ರಾಶಿ ಹಾಕಿ ಮಾರಿದರು. ಈಗ ಬಿಲ್ಲೆಯೂ ಬೇಡ. ಅಂತರ್ಜಾಲದಲ್ಲಿ ಒಂದು ಪ್ರತಿಯನ್ನು ಏರಿಸಿದರೆ ಸಾವಿರಾರು ಜನ ಅದೇ ಗಳಿಗೆಯಲ್ಲಿ ಇಳಿಸಿಕೊಳ್ಳಬಹುದು.

ಮೊದಲ ಪ್ರತಿ ದೊರೆಯುವ ದಾರಿಗಳು ಮುಖ್ಯವಾಗಿ ಮೂರು. ಒಂದು, ಚಿತ್ರಮಂದಿರದಲ್ಲಿ ಕುಳಿತು ತೆರೆಯನ್ನು ಕ್ಯಾಮೆರಾದಿಂದಲೋ ಫೋನಿನಿಂದಲೋ ಹಿಡಿಯುವುದು. ಇಂತಹ ಪ್ರತಿಯಲ್ಲಿ ಮುಂದಿನ ಸಾಲಿನವರ ತಲೆ ಕಾಣುತ್ತದೆ, ಕೆಮ್ಮು ಕೇಳುತ್ತದೆ. ಎರಡು, ಸಂಕಲನ, ಶಬ್ದಲೇಪನ ಮೊದಲಾದ ಕೆಲಸಗಳು ನಡೆಯುವಲ್ಲಿಂದಲೋ, ಸಾಗಣೆಯ ನಡುವೆಯೋ ಒಳಗಿನವರ ಕೈವಾಡದಿಂದ ಹೊರಬೀಳುವುದು. ಮೂರು, ಚಂದಾದಾರರಿಗೆಂದು ಅಂತರ್ಜಾಲದ ವೇದಿಕೆಗಳಲ್ಲಿ ಚಿತ್ರ ಬಿಡುಗಡೆಯಾದ ಕೂಡಲೆ ಅದರ ರಕ್ಷೆಯನ್ನು ಮುರಿದು ಎತ್ತಿಕೊಳ್ಳುವುದು. ಮೂಲದಷ್ಟೇ ಸ್ವಚ್ಛವಾಗಿರುವ ಪ್ರತಿಗಳು ಹೆಚ್ಚಾಗಿ ಈ ಮೂರನೆಯ ದಾರಿಯವು.

ಕಾಯುವವರೂ ಸುಮ್ಮನೆ ಕುಳಿತಿಲ್ಲ. ಇಂದು ಚಿತ್ರಮಂದಿರಕ್ಕೆ ಹೋಗುವ ಚಿತ್ರ ಗೂಢಲಿಪಿಯ ಕಟ್ಟಾಗಿ ಹೋಗುತ್ತದೆ. ಅದನ್ನು ಬಿಚ್ಚುವ ಕೀಲಿ ಬೇರೆಯಾಗಿ ಬರುತ್ತದೆ. ಅದು ಗೊತ್ತಾದ ಯಂತ್ರದಲ್ಲಿ, ಗೊತ್ತಾದ ದಿನಗಳಲ್ಲಿ ಮಾತ್ರ ತೆರೆಯುತ್ತದೆ. ಅಲ್ಲದೆ ತೆರೆಯ ಮೇಲೆ ಬೀಳುವ ಚಿತ್ರದಲ್ಲಿಯೇ ನಮ್ಮ ಕಣ್ಣಿಗೆ ಕಾಣದ ಒಂದು ಗುರುತು ಬೆರೆತಿರುತ್ತದೆ. ಕದ್ದು ಹಿಡಿದ ಪ್ರತಿಯನ್ನು ಪರೀಕ್ಷಿಸಿದರೆ ಅದು ಯಾವ ಮಂದಿರದಲ್ಲಿ, ಯಾವ ದಿನ, ಯಾವ ವೇಳೆಯಲ್ಲಿ ತೆಗೆದುದೆಂದು ಆ ಗುರುತು ಹೇಳಬಲ್ಲುದು. ಸೀರೆಯ ಹಾಸಿನಲ್ಲಿ ನೇಕಾರ ತನಗೆ ಮಾತ್ರ ತಿಳಿದ ಒಂದು ಎಳೆಯನ್ನು ಸೇರಿಸಿಟ್ಟಂತೆ ಇದು.

ಇಷ್ಟೆಲ್ಲ ಅಪಾಯವನ್ನು ಎದುರಿಸಿ ಕದ್ದವನು ಅದನ್ನು ಬಿಟ್ಟಿ ಹಂಚುವುದೇಕೆ? ಪರೋಪಕಾರಕ್ಕೆಂದು ತಿಳಿದರೆ ನಾವು ಮುಗ್ಧರು. ಅಂತಹ ತಾಣವನ್ನು ತೆರೆದವರಿಗೆ ಗೊತ್ತು: ಒಂದು ಸಲ ಒತ್ತಿದರೆ ಹತ್ತು ಜಾಹೀರಾತು ಮೇಲೆ ಬೀಳುತ್ತವೆ. ಜೂಜಿನ ಆಟಗಳು, ಸಾಲ ಕೊಡುವೆವೆಂಬ ಆಮಿಷಗಳು, ಮಕ್ಕಳು ನೋಡಬಾರದ ಚಿತ್ರಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಜನ ಬಂದಷ್ಟೂ ಜಾಹೀರಾತಿನ ಹಣ ತಾಣದವನಿಗೆ ಸೇರುತ್ತದೆ. 'ಚಿತ್ರ ಇಳಿಸಿಕೊಳ್ಳಿ' ಎಂಬ ಗುಂಡಿಯ ಹಿಂದೆ ಕೆಲವೊಮ್ಮೆ ಚಿತ್ರದ ಬದಲು ಕೇಡಿನ ತಂತ್ರಾಂಶ ಅವಿತಿರುತ್ತದೆ; ಅದು ಫೋನಿನೊಳಗೆ ಹೊಕ್ಕು ಗುಪ್ತಪದಗಳನ್ನೂ ಬ್ಯಾಂಕಿನ ವಿವರಗಳನ್ನೂ ಕದಿಯಬಲ್ಲುದು. ಮನೆಯಲ್ಲಿ ಒಂದೇ ಫೋನು, ಅದರಲ್ಲಿಯೇ ತಂದೆಯ ಬ್ಯಾಂಕು, ಅದರಲ್ಲಿಯೇ ಮಗನ ಸಿನಿಮಾ ಎಂಬಂತಹ ಸಂಸಾರಗಳು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಈಗ ನಷ್ಟ ಯಾರಿಗೆ ಎಂಬ ವಿಚಾರ. ಚಿತ್ರನಿರ್ಮಾಣವೆಂದರೆ ಬಹುತೇಕ ಬಡ್ಡಿಯ ಸಾಲದ ಮೇಲೆ ನಡೆಯುವ ವ್ಯವಸಾಯ. ನಿರ್ಮಾಪಕ ವರ್ಷಗಟ್ಟಲೆ ಹಣ ಸುರಿಯುತ್ತಾನೆ. ಫಸಲು ಕೈಗೆ ಬರುವುದು ಬಿಡುಗಡೆಯಾದ ಮೊದಲ ಕೆಲವು ದಿನಗಳಲ್ಲಿ. ಅದರಲ್ಲಿ ಚಿತ್ರಮಂದಿರದವನಿಗೂ ಹಂಚಿಕೆದಾರನಿಗೂ ಸಲ್ಲಬೇಕಾದುದು ಕಳೆದು, ತೆರಿಗೆ ಕಳೆದು, ಉಳಿದುದು ನಿರ್ಮಾಪಕನ ಪಾಲು. ಹೊಲದಲ್ಲಿ ರಾಗಿ ತೆನೆಯಾದ ವಾರವೇ ಹಕ್ಕಿ ಮುತ್ತಿದರೆ ಹೇಗೋ, ಮೊದಲ ವಾರದಲ್ಲಿಯೇ ಕಳ್ಳಪ್ರತಿ ಬಂದರೆ ಹಾಗೆ. ೨೦೧೯ರ ಸೆಪ್ಟೆಂಬರ್ ೧೨ರಂದು 'ಪೈಲ್ವಾನ್' ಬಿಡುಗಡೆಯಾದ ಬೆನ್ನಿಗೇ ಅದರ ಕಳ್ಳಪ್ರತಿ ಅಂತರ್ಜಾಲದಲ್ಲಿ ಹರಡಿತು. ಚಿತ್ರತಂಡದವರು ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು. ಕೊಂಡಿಯನ್ನು ಹಂಚಿದನೆಂಬ ಆರೋಪದ ಮೇಲೆ ಒಬ್ಬ ತರುಣನ ಬಂಧನವೂ ಆಯಿತು. ಕನ್ನಡ ನಾಡಿನಲ್ಲಿ ಈ ವಿಷಯ ಮನೆಮಾತಾದುದು ಆಗಲೇ. ಫೋನಿನಲ್ಲಿ ಒಂದು ಕೊಂಡಿಯನ್ನು ಮುಂದಕ್ಕೆ ತಳ್ಳುವುದು ಹುಡುಗಾಟವೆಂದು ತಿಳಿದವರು, ಅದು ಪೊಲೀಸ್ ಠಾಣೆಯವರೆಗೆ ಹೋಗಬಹುದೆಂದು ಅಂದು ತಿಳಿದುಕೊಂಡರು.

ಇಡೀ ದೇಶದ ಲೆಕ್ಕವನ್ನೂ ಹೇಳುವುದುಂಟು. ಅರ್ನ್ಸ್ಟ್ ಅಂಡ್ ಯಂಗ್ ಸಂಸ್ಥೆಯೂ ಭಾರತದ ಅಂತರ್ಜಾಲ ಮತ್ತು ಮೊಬೈಲ್ ಸಂಘವೂ ಸೇರಿ ೨೦೨೪ರಲ್ಲಿ ಪ್ರಕಟಿಸಿದ ವರದಿಯೊಂದು, ೨೦೨೩ರಲ್ಲಿ ಭಾರತದಲ್ಲಿ ಕಳ್ಳಪ್ರತಿಯ ವ್ಯವಹಾರ ೨೨,೪೦೦ ಕೋಟಿ ರೂಪಾಯಿಗಳಷ್ಟೆಂದು ಅಂದಾಜು ಮಾಡಿತು. ಅದರಲ್ಲಿ ೧೩,೭೦೦ ಕೋಟಿ ಚಿತ್ರಮಂದಿರಗಳಿಂದ ಕದ್ದ ಪ್ರತಿಗಳಿಗೆ, ೮,೭೦೦ ಕೋಟಿ ಅಂತರ್ಜಾಲ ವೇದಿಕೆಗಳಿಂದ ಕದ್ದವಕ್ಕೆ ಸಂಬಂಧಿಸಿದ್ದು. ಇಂತಹ ಅಂಕಿಗಳನ್ನು ವಿವೇಕದಿಂದ ಓದಬೇಕು. ಬಿಟ್ಟಿಯಾಗಿ ನೋಡಿದ ಪ್ರತಿಯೊಬ್ಬನೂ, ಬಿಟ್ಟಿ ಸಿಕ್ಕದಿದ್ದರೆ ಟಿಕೆಟ್ಟು ಕೊಳ್ಳುತ್ತಿದ್ದನೆಂದು ಹೇಳಲಾಗದು. ಆದುದರಿಂದ ಅಂದಾಜೆಂಬುದು ಅಂದಾಜೇ. ಆದರೂ ನೂರರಲ್ಲಿ ಹತ್ತು ಜನ ಕೊಳ್ಳುತ್ತಿದ್ದರೆಂದುಕೊಂಡರೂ, ಆ ಹತ್ತು ಟಿಕೆಟ್ಟು ಒಂದು ಸಣ್ಣ ಚಿತ್ರದ ಪಾಲಿಗೆ ಲಾಭನಷ್ಟಗಳ ನಡುವಣ ಗೆರೆಯಾಗಬಹುದು.

'ದೊಡ್ಡ ನಟರಿಗೆ ನಷ್ಟವಾದರೆ ನಮಗೇನು?' ಎನ್ನುವವರುಂಟು. ೨೦೧೮ರ 'ಕೆ.ಜಿ.ಎಫ್.' ಚಿತ್ರಕ್ಕೂ ಕಳ್ಳಪ್ರತಿಗಳ ಕಾಟವಿತ್ತು. ಆದರೂ ಅದು ಅಪಾರ ಯಶಸ್ಸು ಗಳಿಸಿತೆಂಬುದು ನಿಜ. ಆದರೆ ಈ ವಾದದಲ್ಲಿ ಒಂದು ದೋಷವಿದೆ. ಆನೆ ನಡೆದು ದಾಟಿದ ಹೊಳೆಯಲ್ಲಿ ಕುರಿಯೂ ದಾಟೀತೆಂದು ಹೇಳಬಹುದೆ? ದೊಡ್ಡ ಚಿತ್ರವನ್ನು ದೊಡ್ಡ ತೆರೆಯ ಮೇಲೆಯೇ ನೋಡಬೇಕೆಂಬ ಆಸೆ ಜನರಿಗಿರುತ್ತದೆ. ಹೊಸಬರ ಚಿತ್ರ, ಹೆಸರಿಲ್ಲದವರ ಚಿತ್ರ ಒಬ್ಬರ ಬಾಯಿಂದ ಒಬ್ಬರಿಗೆ ತಿಳಿದು ಎರಡನೆಯ ವಾರದಲ್ಲಿ ಚಿಗುರಬೇಕು. ಅಷ್ಟರಲ್ಲಿ ಪ್ರತಿ ಕೈಕೈಗೆ ಬಂದಿದ್ದರೆ 'ಚೆನ್ನಾಗಿದೆಯಂತೆ' ಎಂಬ ಮಾತು ಮಂದಿರದ ಕಡೆಗೆ ಕಾಲೆಳೆಯುವುದಿಲ್ಲ, ಫೋನಿನ ಕಡೆಗೆ ಕೈ ಎಳೆಯುತ್ತದೆ.

ಕನ್ನಡಕ್ಕೆ ಈ ಪೆಟ್ಟು ಇನ್ನೂ ಬಲವಾಗಿ ಬೀಳುತ್ತದೆ. ನಮ್ಮದು ನೆರೆಯ ಭಾಷೆಗಳಿಗಿಂತ ಚಿಕ್ಕ ಮಾರುಕಟ್ಟೆ. ಅಂತರ್ಜಾಲದ ದೊಡ್ಡ ವೇದಿಕೆಗಳು ಕನ್ನಡದ ಕೃತಿಗಳನ್ನು ಕೊಳ್ಳುವಾಗ ಹಿಂಜರಿಯುತ್ತವೆಂದು ನಮ್ಮ ನಿರ್ಮಾಪಕರು ದೂರುತ್ತ ಬಂದಿದ್ದಾರೆ. ನಟ ರಕ್ಷಿತ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ 'ಏಕಂ' ಎಂಬ ಸರಣಿಗೆ ಯಾವ ವೇದಿಕೆಯೂ ಒದಗದೆ, ೨೦೨೪ರ ಜುಲೈಯಲ್ಲಿ ಅವರು ತಮ್ಮದೇ ತಾಣವನ್ನು ತೆರೆದು ನೇರವಾಗಿ ಜನರಿಗೆ ಮಾರಿದರು. ಹೀಗೆ ಸ್ವಂತ ಅಂಗಡಿ ತೆರೆದವನಿಗೆ ಗಿರಾಕಿ ಕೊಡುವ ಕಾಸೇ ಜೀವ. ಅಂಗಡಿಯ ಬಾಗಿಲಲ್ಲೇ ನಿಂತು ಅದೇ ಸರಕನ್ನು ಇನ್ನೊಬ್ಬ ಬಿಟ್ಟಿ ಹಂಚಿದರೆ ಅವನು ಎಷ್ಟು ದಿನ ಬಾಗಿಲು ತೆರೆದಾನು?

ನಟರನ್ನು ಬಿಟ್ಟು ತೆರೆಯ ಹಿಂದಿನವರನ್ನು ನೋಡಿ. ದೀಪ ಹಿಡಿಯುವವರು, ಬಣ್ಣ ಹಚ್ಚುವವರು, ಉಡುಪು ಹೊಲಿಯುವವರು, ಸೆಟ್ಟು ಕಟ್ಟುವ ಬಡಗಿಗಳು, ಊಟ ಬಡಿಸುವವರು, ಇವರೆಲ್ಲ ದಿನಗೂಲಿಯವರು. ಒಂದು ಚಿತ್ರ ಸೋತರೆ ಮುಂದಿನ ಚಿತ್ರ ಏಳುವುದಿಲ್ಲ. ಏಳದಿದ್ದರೆ ಇವರಿಗೆ ಕೂಲಿಯಿಲ್ಲ. ಇವರ ಕ್ಷೇಮಾಭಿವೃದ್ಧಿಗಾಗಿ ಟಿಕೆಟ್ಟುಗಳ ಮೇಲೆಯೂ ಚಂದಾಗಳ ಮೇಲೆಯೂ ಶೇಕಡ ೧ರಿಂದ ೨ರವರೆಗೆ ಉಪಕರ ವಿಧಿಸಲು ಅವಕಾಶವೀಯುವ ಕಾನೂನನ್ನು ಕರ್ನಾಟಕ ೨೦೨೪ರಲ್ಲಿ ಮಾಡಿತು. ಟಿಕೆಟ್ಟೇ ಮಾರಾಟವಾಗದಿದ್ದರೆ ಉಪಕರ ಎಲ್ಲಿಂದ ಬರಬೇಕು? ಇನ್ನು ತಾಲ್ಲೂಕು ಪಟ್ಟಣಗಳ ಒಂಟಿ ತೆರೆಯ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚಿ ಮದುವೆಯ ಮಂಟಪಗಳೂ ಮಳಿಗೆಗಳೂ ಆಗುತ್ತಿರುವುದನ್ನು ನಾವೆಲ್ಲ ಕಂಡಿದ್ದೇವೆ. ದೂರದರ್ಶನ, ಫೋನು, ನೆಲದ ಬೆಲೆ, ಇವೆಲ್ಲ ಅದಕ್ಕೆ ಕಾರಣಗಳೇ. ಎಲ್ಲವನ್ನೂ ಕಳ್ಳಪ್ರತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಬಡಕಲಾದ ಎತ್ತಿನ ಮೇಲೆ ಅದೂ ಒಂದು ಹೇರು.

ಪ್ರೇಕ್ಷಕರ ಪಕ್ಷದ ಮಾತನ್ನೂ ಆಡಬೇಕು. ಬೆಂಗಳೂರಿನ ಮಾಲುಗಳಲ್ಲಿ ನಾಲ್ಕು ಜನರ ಸಂಸಾರ ಒಂದು ಚಿತ್ರ ನೋಡಿ ಬರುವ ಖರ್ಚಿನಲ್ಲಿ ಒಂದು ವಾರದ ದಿನಸಿ ಬರುತ್ತದೆ. ತೆರಿಗೆ ಬಿಟ್ಟು ಟಿಕೆಟ್ಟಿನ ದರ ೨೦೦ ರೂಪಾಯಿಗಳನ್ನು ಮೀರಬಾರದೆಂದು ರಾಜ್ಯಸರ್ಕಾರ ೨೦೨೫ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿತು. ಅದೇ ತಿಂಗಳಲ್ಲಿ ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ದರ ದುಬಾರಿಯೆಂಬ ದೂರಿನಲ್ಲಿ ಹುರುಳಿದೆ. ಆದರೆ ಅಂಗಡಿಯವನು ಬೆಲೆ ಹೆಚ್ಚು ಹೇಳಿದರೆ ಕೊಳ್ಳದೆ ಬರುವ ಹಕ್ಕು ನಮಗುಂಟು. ಎತ್ತಿಕೊಂಡು ಬರುವ ಹಕ್ಕಿಲ್ಲ. ನಾಲ್ಕು ವಾರ ಕಾದರೆ ಚಿತ್ರ ಚಂದಾ ವೇದಿಕೆಗೆ ಬರಬಹುದು. ಇನ್ನಷ್ಟು ಕಾದರೆ ಟೀವಿಗೇ ಬರಬಹುದು. ಕಾಯುವುದು ಬಡತನವಲ್ಲ.

ಕಾನೂನಿನ ಕೈ ಈಚೆಗೆ ಉದ್ದವಾಗಿದೆ. ಕೃತಿಸ್ವಾಮ್ಯ ಕಾಯಿದೆಯಂತೆ ತಿಳಿದೂ ತಿಳಿದು ಹಕ್ಕನ್ನು ಉಲ್ಲಂಘಿಸಿದವನಿಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆಯೂ, ೫೦ ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಗೂಂಡಾ ಕಾಯಿದೆಯೆಂದು ಜನ ಕರೆಯುವ ಕರ್ನಾಟಕದ ೧೯೮೫ರ ಕಾಯಿದೆಯ ವ್ಯಾಪ್ತಿಯಲ್ಲಿ ವಿಡಿಯೊ, ಆಡಿಯೊ ಕಳ್ಳಪ್ರತಿಗಾರರಿದ್ದಾರೆ. ೨೦೧೪ರ ತಿದ್ದುಪಡಿಯಿಂದ ಡಿಜಿಟಲ್ ಅಪರಾಧಿಗಳೂ ಅದರೊಳಗೆ ಬಂದರು. ೨೦೨೩ರಲ್ಲಿ ತಿದ್ದುಪಡಿಯಾದ ಚಲನಚಿತ್ರ ಕಾಯಿದೆ ಮಂದಿರದಲ್ಲಿ ಕದ್ದು ಚಿತ್ರೀಕರಿಸುವುದನ್ನೂ ಅಂತಹ ಪ್ರತಿಯನ್ನು ಪ್ರದರ್ಶಿಸುವುದನ್ನೂ ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು. ಕನಿಷ್ಠ ಮೂರು ತಿಂಗಳು, ಗರಿಷ್ಠ ಮೂರು ವರ್ಷ ಸೆರೆ. ದಂಡ ಮೂರು ಲಕ್ಷದಿಂದ ಆರಂಭವಾಗಿ ಚಿತ್ರದ ಒಟ್ಟು ನಿರ್ಮಾಣವೆಚ್ಚದ ಶೇಕಡ ೫ರವರೆಗೂ ಏರಬಹುದು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಇಲಾಖೆ ದೂರುಗಳನ್ನು ಸ್ವೀಕರಿಸಿ ೪೮ ಗಂಟೆಗಳೊಳಗೆ ಕ್ರಮ ಕೈಗೊಳ್ಳಲು ಅಧಿಕಾರಿಗಳನ್ನು ನೇಮಿಸಿತು.

ಆದರೂ ಕಳ್ಳ ಮುಂದೆ, ಕಾವಲುಗಾರ ಹಿಂದೆ. ಒಂದು ತಾಣವನ್ನು ಮುಚ್ಚಿಸಿದರೆ ಒಂದಕ್ಷರ ಬದಲಿಸಿ ಮರುದಿನವೇ ಇನ್ನೊಂದು ಏಳುತ್ತದೆ. ಯಂತ್ರಗಳು ಎಲ್ಲೋ ಪರದೇಶದಲ್ಲಿರುತ್ತವೆ. ರಕ್ತಬೀಜಾಸುರನ ಕಥೆಯಿದು. ಅದಕ್ಕಾಗಿಯೇ ದೆಹಲಿಯ ಉಚ್ಚ ನ್ಯಾಯಾಲಯ ೨೦೧೯ರಲ್ಲಿ, ಮೂಲ ತಾಣದ ಜೊತೆಗೆ ಅದರ ಪಡಿಯಚ್ಚುಗಳನ್ನೂ ಹೊಸ ದಾವೆಯಿಲ್ಲದೆ ತಡೆಯಲು ಸಾಧ್ಯವಾಗುವಂತೆ ಒಂದು ಬಗೆಯ ಚಲಿಸುವ ತಡೆಯಾಜ್ಞೆಯನ್ನು ರೂಪಿಸಿತು. ಇದರಿಂದ ಕಾವಲುಗಾರನ ಕಾಲು ಚುರುಕಾಯಿತು. ಆದರೆ ರಕ್ತಬೀಜನ ಹನಿ ನೆಲಕ್ಕೆ ಬೀಳದಂತೆ ನೋಡಿಕೊಂಡಾಗ ಮಾತ್ರ ಅವನು ಸತ್ತನೆಂದು ಪುರಾಣ ಹೇಳುತ್ತದೆ. ಇಲ್ಲಿ ಆ ನೆಲವೆಂದರೆ ನಮ್ಮ ಫೋನುಗಳೇ.

ಗೃಹಸ್ಥರು ಮಾಡಬಹುದಾದುದು ಕಷ್ಟದ ಕೆಲಸವೇನಲ್ಲ. ಮಂದಿರದಲ್ಲಿ ಓಡುತ್ತಿರುವ ಚಿತ್ರ ಫೋನಿಗೆ ಬಿಟ್ಟಿಯಾಗಿ ಬಂದರೆ ಅದು ಕಳ್ಳಪ್ರತಿಯೆಂದು ತಿಳಿಯಬೇಕು, ತೆರೆಯದೆ ಅಳಿಸಬೇಕು, ಎಲ್ಲಕ್ಕೂ ಮಿಗಿಲಾಗಿ ಮುಂದಕ್ಕೆ ಕಳುಹಿಸಬಾರದು. ಬಿಟ್ಟಿಯೇ ಬೇಕೆನಿಸಿದರೆ ಹಕ್ಕುದಾರರೇ ಯೂಟ್ಯೂಬಿನಲ್ಲಿ ಏರಿಸಿರುವ ಹಳೆಯ ಕನ್ನಡ ಚಿತ್ರಗಳು ಬೇಕಾದಷ್ಟಿವೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಲೆಕ್ಕವನ್ನು ಬಿಡಿಸಿ ತೋರಿಸಬೇಕು.

ಸೋಮವಾರ ಆ ಹುಡುಗನನ್ನು ಕರೆದು ನಾನು ಲೆಕ್ಕ ಬಿಡಿಸತೊಡಗಿದೆ. ಮೊದಲು ನಾನೂ ಅರ್ಧ ಚಿತ್ರ ನೋಡಿದುದನ್ನು ಒಪ್ಪಿಕೊಂಡೆ. ಅವನ ತಂದೆ ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ಸೀರೆಯ ಮಗ್ಗ ನಡೆಸುವವರು. ನನ್ನ ಮಾತು ಅರ್ಧದಲ್ಲಿದ್ದಾಗಲೇ ಹುಡುಗ ತಲೆತಗ್ಗಿಸಿ, "ನಮ್ಮಪ್ಪ ಸಾಲ ಮಾಡಿ ಹೊಸ ಸೆರಗಿನ ಡಿಸೈನು ಮಾಡ್ಸಿದ್ರು ಸಾರ್. ಹದಿನೈದು ದಿನಕ್ಕೆ ಬೇರೆಯೋರು ಅದನ್ನೇ ಇಳಿಸಿ ಕಮ್ಮಿ ರೇಟಿಗೆ ಮಾರಿದ್ರು. ಅವತ್ತು ಅಪ್ಪ ಊಟ ಮಾಡ್ಲಿಲ್ಲ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣನಿಗೆ ಹೇಳ್ತೀನಿ ಸಾರ್" ಎಂದು ಸೇರಿಸಿದ.

ಅಂದು ನಾನು ಮುಂದಿನ ಪಾಠ ಹೇಳಲಿಲ್ಲ. ಅದರ ಅಗತ್ಯವಿರಲಿಲ್ಲ.